ಕೂಲಿ ಮನೆಯ ಮಗಳ ನಾಲ್ಕು ವರ್ಷ



ಕೊಬ್ಬರಿಯ ಧಾರಣೆ ಎಷ್ಟೆಂದು ಅರಸೀಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತೋಟ ಇದ್ದವರಿಗೂ ಗೊತ್ತು, ಒಂದು ತೆಂಗಿನ ಮರವೂ ಇಲ್ಲದವರಿಗೂ ಗೊತ್ತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದಾಗ ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಸಾಲುಗಟ್ಟಿ ನಿಂತರು. ಆ ಬೆಲೆ ಸಾಲದೆಂದು ಧರಣಿಯೂ ಆಯಿತು. ನ್ಯಾಯವೇ ಸರಿ, ಬೆಳೆದವರಿಗೆ ಬೆಲೆ ಸಿಗಬೇಕು. ಆದರೆ ಅದೇ ಕೊಬ್ಬರಿಯ ಚಿಪ್ಪು ಬಿಡಿಸುವವಳಿಗೆ ಸಾವಿರ ಕಾಯಿಗೆ ಎಷ್ಟು ಕೂಲಿ ಎಂದು ಕೇಳಿ ನೋಡಿ. ತಡವರಿಸದೆ ಉತ್ತರ ಕೊಡುವವರು ಅವಳ ಮನೆಯವರು ಮಾತ್ರ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಮನೆಯ ಬಗ್ಗೆ. ಅದರಲ್ಲೂ ಆ ಮನೆಯಲ್ಲಿ ಬೆಳೆಯುತ್ತಿರುವ ಹುಡುಗಿಯ ಬಗ್ಗೆ.

ಈ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಇಂಥ ಹುಡುಗಿಯರನ್ನು ತರಗತಿಯಲ್ಲಿ ಕಂಡಿದ್ದೇನೆ, ತರಗತಿಗೆ ಬಾರದ ದಿನ ಅವರ ಮನೆಯಲ್ಲೂ ಕಂಡಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ನೀವು ಕೇಳುತ್ತಾ ಹೋದಂತೆ ನಿಮ್ಮ ಬೀದಿಯ ಹುಡುಗಿಯೊಬ್ಬಳ ಹೆಸರು ನಿಮಗೇ ಹೊಳೆಯುತ್ತದೆ.

ಕೊಬ್ಬರಿ ಆಗುವುದು ಹೇಗೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಆದರೂ ಅರಸೀಕೆರೆ, ತಿಪಟೂರು ಬಿಟ್ಟು ದೂರದಲ್ಲಿ ಕೇಳುತ್ತಿರುವವರಿಗಾಗಿ ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು, ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬರುತ್ತದೆ. ಆಮೇಲೆ ಗಂಡಾಳುಗಳು ಸಿಪ್ಪೆ ಸುಲಿದು ರಾಶಿ ಹಾಕುತ್ತಾರೆ. ಹೆಂಗಸರು ರಾಶಿಯ ಸುತ್ತ ಕೂತು, ಕಾಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸುತ್ತಾ ಕತ್ತಿಯಿಂದ ಚಿಪ್ಪಿಗೆ ಮಾತ್ರ ಏಟು ಹಾಕುತ್ತಾರೆ. ಏಟು ಮೆತ್ತಗಾದರೆ ಚಿಪ್ಪು ಬಿಡುವುದಿಲ್ಲ, ಜೋರಾದರೆ ಉಂಡೆ ಒಡೆಯುತ್ತದೆ. ಒಡೆದ ಕೊಬ್ಬರಿಗೆ ಉಂಡೆಯ ಬೆಲೆ ಇಲ್ಲ. ಕತ್ತಿ ಜಾರಿದರೆ ಬೆರಳಿಗೇ ಏಟು. ಈ ಕೈಚಳಕ ಯಾವ ತರಬೇತಿ ಕೇಂದ್ರದಲ್ಲೂ ಸಿಗುವುದಿಲ್ಲ. ತಾಯಿಯ ಪಕ್ಕದಲ್ಲಿ ಚಿಪ್ಪು ಆಯ್ದು ಗುಡ್ಡೆ ಹಾಕುತ್ತಾ ಕೂತ ಮಗಳು ನೋಡಿ ನೋಡಿಯೇ ಕಲಿಯುತ್ತಾಳೆ. ಕೂಲಿ ಎಣಿಕೆಯ ಮೇಲೆ ತಾನೇ? ಎರಡು ಕೈ ಜಾಸ್ತಿಯಾದರೆ ಸಂಜೆಗೆ ಎಣಿಕೆಯೂ ಜಾಸ್ತಿ. ಭಾನುವಾರ ಕೂತವಳು ಸೋಮವಾರವೂ ಕೂರುತ್ತಾಳೆ. ಬಡವರ ಮನೆಯಲ್ಲಿ ಹುಡುಗಿಯ ಶಾಲೆ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಒಂದೊಂದೇ ದಿನ ತಪ್ಪುತ್ತಾ ನಿಲ್ಲುತ್ತದೆ.

ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿನ ಕಡೆ ಬನ್ನಿ. ಅಲ್ಲಿ ಆಲೂಗಡ್ಡೆ, ಶುಂಠಿ, ಜೋಳದ ಹೊಲಗಳು. ಬೆಳಗಾಗುವ ಹೊತ್ತಿಗೆ ಆಳುಗಳನ್ನು ತುಂಬಿಕೊಂಡು ಟೆಂಪೊಗಳು ಹೊರಡುತ್ತವೆ. ಮುಂಗಾರು ಹದ ಮಾಡಿದೊಡನೆ ಆಲೂಗಡ್ಡೆ ಬಿತ್ತನೆ, ಶಾಲೆ ತೆರೆಯುವುದೂ ಅದೇ ವೇಳೆಗೆ. ತಾಯಿ ಬಿತ್ತನೆಗೆ ಹೋದರೆ ಕೈಕೂಸನ್ನು ನೋಡುವವರು ಯಾರು? ಹೊಸ ತರಗತಿಯ ಮೊದಲ ವಾರವೇ ಅಕ್ಕನ ಹಾಜರಿ ತಪ್ಪುತ್ತದೆ.

ಬೇಲೂರು ದಾಟಿ ಬಿಕ್ಕೋಡು, ಅರೇಹಳ್ಳಿಯ ಕಡೆ ಹೋದರೆ ಮಲೆನಾಡಿನ ಸೆರಗು, ಕಾಫಿ ತೋಟಗಳು. ನವೆಂಬರಿಗೆ ಅರೇಬಿಕಾ ಹಣ್ಣಾಗುತ್ತದೆ, ಅದರ ಹಿಂದೆ ರೊಬಸ್ಟಾ. ಫೆಬ್ರವರಿ ಕಳೆಯುವವರೆಗೂ ಕೊಯ್ಲು. ಕೂಲಿ ಕಿಲೋ ಲೆಕ್ಕ. ಎಸ್ಸೆಸ್ಸೆಲ್ಸಿ ಹುಡುಗಿಯರು ಪರೀಕ್ಷೆಗೆ ಓದಬೇಕಾದ ತಿಂಗಳುಗಳು ಕೂಡ ಇವೇ. ಬಯಲು ಸೀಮೆಯಿಂದ ಸಂಸಾರ ಸಮೇತ ಬಂದು ಲೈನ್ ಮನೆಗಳಲ್ಲಿ ಇರುವವರ ಮಗಳಿಗೆ ಊರಿನ ಶಾಲೆಯೂ ತಪ್ಪುತ್ತದೆ, ತೋಟದ ಹತ್ತಿರದ ಶಾಲೆಯೂ ದಕ್ಕುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ, ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು ಹೇಳಿತ್ತು. ಆರರಿಂದ ಹನ್ನೆರಡು ವರ್ಷದ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಓದಿಗೂ ಏರ್ಪಾಡಾಗಬೇಕೆಂದು ಹೇಳಿತ್ತು. ಆದರೆ ಹತ್ತಾರು ಆಳುಗಳ ಸಣ್ಣ ತೋಟಕ್ಕೆ ಈ ಲೆಕ್ಕ ತಾಗುವುದಿಲ್ಲ. ಅಲ್ಲಿ ಶಿಶುಪಾಲನಾ ಕೋಣೆಯ ಕೆಲಸ ಮಾಡುವವಳು ಹತ್ತು, ಹನ್ನೊಂದು ವರ್ಷದ ಅಕ್ಕ.

ಹೀಗೆ ಮೂರು ಕಡೆ ಮೂರು ಬಗೆಯ ಬೆಳೆ. ಮನೆಯ ಲೆಕ್ಕ ಮಾತ್ರ ಒಂದೇ. ತಾಯಿ ದುಡಿಮೆಗೆ ಹೋಗಬೇಕಾದರೆ ಅವಳ ಮನೆಗೆಲಸವನ್ನು ಇನ್ನೊಬ್ಬರು ಮಾಡಬೇಕು. ಆ ಇನ್ನೊಬ್ಬರು ಮಗಳು. ನಲ್ಲಿಯಲ್ಲಿ ನೀರು ಬಿಟ್ಟಾಗ ಹಿಡಿಯುವವಳು ಅವಳು, ತಂಗಿಯ ತಲೆ ಬಾಚುವವಳು ಅವಳು, ರಾತ್ರಿ ಮುದ್ದೆ ತೊಳಸುವವಳು ಅವಳು. ಇವಕ್ಕೆಲ್ಲ ಕೂಲಿ ಇಲ್ಲ. ಇವುಗಳ ಮೇಲೆ ನಿಂತಿರುವುದು ತಾಯಿಯ ಕೂಲಿ.

ಇನ್ನೂ ಒಂದು ಕೆಲಸ ಇದೆ, ಅದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಸಂಘದ ಸಾಲ, ಫೈನಾನ್ಸಿನ ಸಾಲ ಇಲ್ಲದ ಕೂಲಿ ಮನೆ ಈಗ ಅಪರೂಪ. ವಾರದ ಕಂತು ಕಟ್ಟಲು ಕೈಯಲ್ಲಿ ದುಡ್ಡಿಲ್ಲದ ದಿನ ವಸೂಲಿಯ ಬೈಕಿನವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ಹೊರಗೆ ಬಂದು “ಅವ್ವ ಮನೇಲಿಲ್ಲ ಸಾರ್” ಎಂದು ಹೇಳಬೇಕಾದವಳು ಇದೇ ಹುಡುಗಿ. ಅವ್ವ ಒಳಗೇ ಇರುತ್ತಾಳೆ. ಬಂದವರ ಬಾಯಿಂದ ಬೀಳುವ ಮಾತುಗಳನ್ನು ಅಕ್ಕಪಕ್ಕದವರ ಎದುರು ನಿಂತು ಕೇಳಿಸಿಕೊಂಡು, ಅವಳು ಮಾರನೆಯ ದಿನ ಶಾಲೆಗೆ ಬಂದು ಬೆಂಚಿನ ಮೇಲೆ ಕೂರುತ್ತಾಳೆ. ಲೆಕ್ಕ ಯಾಕೆ ತಪ್ಪಿತು ಎಂದು ನಾವು ಗದರುತ್ತೇವೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸಾಲ ವಸೂಲಿಯ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಅದರ ಸುದ್ದಿಯಲ್ಲಿ ಸಾಲಗಾರರ ವಿಷಯ ಬಂತು, ಸಾಲ ಕೊಟ್ಟವರ ವಿಷಯವೂ ಬಂತು. ಬಾಗಿಲಲ್ಲಿ ನಿಂತ ಮಗುವಿನ ವಿಷಯ ಬರಲಿಲ್ಲ.

ನಮ್ಮ ಬೇಲೂರು, ಹಳೇಬೀಡುಗಳ ಹೆಸರು 2023ರ ಸೆಪ್ಟೆಂಬರಿನಲ್ಲಿ ಸೋಮನಾಥಪುರದ ಜೊತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮಗೆಲ್ಲ ಹೆಮ್ಮೆ. 1117ರ ಚೆನ್ನಕೇಶವ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆಯೇ ಬರೆದಿಟ್ಟು ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪನ ಕಸುಬು ಮಗನಿಗೆ ಬಂತು, ಜೊತೆಗೆ ಅಪ್ಪನ ಹೆಸರೂ ಬಂತು. ನಮ್ಮ ಕೂಲಿ ಮನೆಗಳಲ್ಲೂ ಕಸುಬು ಹೀಗೆಯೇ ಇಳಿದು ಬರುತ್ತದೆ, ತಾಯಿಯಿಂದ ಮಗಳಿಗೆ. ಚಿಪ್ಪು ಬಿಡಿಸುವ ಕೈ, ಕಾಫಿ ಹಣ್ಣು ಬಿಡಿಸುವ ಕೈ, ಕಳೆ ಕೀಳುವ ಕೈ. ಚಾವಣನಿಗೆ ಬಂದದ್ದು ಆಸ್ತಿ. ಈ ಹುಡುಗಿಗೆ ಬರುವುದು ತಾಯಿಯ ಬೆನ್ನುನೋವು, ಅದರ ಜೊತೆಗೆ ತೀರದ ಕಂತು.

ಎಲ್ಲವೂ ಹಾಗೆಯೇ ಇದೆ ಎಂದರೆ ಸುಳ್ಳಾಗುತ್ತದೆ. ಎಷ್ಟೋ ಬದಲಾಗಿದೆ, ನಮ್ಮ ಕಣ್ಣೆದುರೇ ಬದಲಾಗಿದೆ. ಬಿಸಿಯೂಟ 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ನಮ್ಮ ಕಡೆಗೂ ಬಂತು, ಕೆಲವೇ ವರ್ಷಗಳಲ್ಲಿ ಹೈಸ್ಕೂಲಿಗೂ ಬಂತು. ಅದು ಮಕ್ಕಳ ಹಸಿವು ತಣಿಸಿತು. ಮಧ್ಯಾಹ್ನದ ಅಡುಗೆಗೆಂದು ಹುಡುಗಿ ಮನೆಗೆ ಓಡುವುದನ್ನೂ ತಪ್ಪಿಸಿತು. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂತು. ಹಳ್ಳಿಯ ದಾರಿಯಲ್ಲಿ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಹೋಗುವುದನ್ನು ನೋಡಿ ಹುಬ್ಬೇರಿಸಿದ ಹಿರಿಯರೇ, ವರ್ಷ ಕಳೆಯುವುದರೊಳಗೆ ಅಂಗಡಿ ಸಾಮಾನು ತಾ ಎಂದು ಅವರನ್ನು ಕಳಿಸತೊಡಗಿದರು. ಆ ಯೋಜನೆ ಕೊರೊನಾ ಕಾಲದಿಂದ ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ಟು ಹೆಣ್ಣುಮಕ್ಕಳಿಗೆ ಬಿಟ್ಟಿಯಾಯಿತು. “ಬಸ್ ಚಾರ್ಜಿಗೆ ದುಡ್ಡಿಲ್ಲ” ಎಂಬ ಮಾತು ಅಲ್ಲಿಗೆ ಮುಗಿಯಿತು.

ಫಲವೂ ಕಂಡಿತು. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇಕಡಾ 89.33 ಪಡೆದು ಹಾಸನ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲು ಬಂತು. ನಮ್ಮ ಶಾಲೆಗಳಲ್ಲಿ ಸಿಹಿ ಹಂಚಿದರು. ಆ ಫಲಿತಾಂಶದ ಹಿಂದೆ ಕೂಲಿ ಮನೆಯ ಹುಡುಗಿಯರೂ ಇದ್ದರು. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆ ಕೋಣೆಯ ದೀಪದಲ್ಲಿ ಓದಿದವರು ಅವರು.

ಆದರೆ ಕೇಳುಗರೇ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರಲ್ಲಿ ಎಷ್ಟು ಜನ ಎರಡು ವರ್ಷದ ಮೇಲೆ ಪಿಯುಸಿ ಪರೀಕ್ಷೆಗೆ ಕೂತರು ಎಂಬುದಕ್ಕೆ ನಾವು ಸಿಹಿ ಹಂಚುವುದಿಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಕಡ್ಡಾಯ ಶಿಕ್ಷಣದ ಹಕ್ಕು 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ಹೇಳುವುದು ಆರರಿಂದ ಹದಿನಾಲ್ಕು ವರ್ಷ. ಬಾಲಕಾರ್ಮಿಕ ಕಾನೂನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎನ್ನುವುದು ಹದಿನಾಲ್ಕರವರೆಗೆ. ಆಮೇಲೆ ಅದು ತಡೆಯುವುದು ಅಪಾಯದ ಕೆಲಸಗಳನ್ನು ಮಾತ್ರ. ಸೈಕಲ್ ಕೊಡುತ್ತಿದ್ದದ್ದು ಎಂಟನೇ ತರಗತಿಗೆ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಬಾಂಡಿನ ಷರತ್ತೂ ಎಂಟನೇ ತರಗತಿಯವರೆಗೆ ಓದಿರಬೇಕು ಎಂಬುದೇ. ಬಿಸಿಯೂಟ ಹತ್ತಕ್ಕೆ ಮುಗಿಯುತ್ತದೆ, ಬಿಟ್ಟಿ ಪಠ್ಯಪುಸ್ತಕವೂ ಹತ್ತಕ್ಕೆ ಮುಗಿಯುತ್ತದೆ. ಮದುವೆಯ ವಯಸ್ಸು ಹದಿನೆಂಟು. ಹದಿನಾಲ್ಕಕ್ಕೆ ಕಾನೂನು ಅವಳ ಕೈ ಸಡಿಲ ಬಿಡುತ್ತದೆ, ಹದಿನೆಂಟಕ್ಕೆ ಅವಳನ್ನು ವಯಸ್ಕಳೆಂದು ಕರೆಯುತ್ತದೆ. ನಡುವಿನ ನಾಲ್ಕು ವರ್ಷ ಅವಳು ಯಾರ ಲೆಕ್ಕಕ್ಕೂ ಸರಿಯಾಗಿ ಬರುವುದಿಲ್ಲ. ಅವಳ ಇಡೀ ಬಾಳು ಯಾವ ಕಡೆಗೆ ತಿರುಗಬೇಕೆಂದು ತೀರ್ಮಾನವಾಗುವುದು ಆ ನಾಲ್ಕು ವರ್ಷದಲ್ಲೇ.

ಭಾಗ್ಯಲಕ್ಷ್ಮಿಯನ್ನೇ ನೋಡಿ. ಒಳ್ಳೆಯ ಯೋಜನೆ. ಹೆಣ್ಣು ಹುಟ್ಟಿದರೆ ಹೊರೆ ಎನ್ನುವ ಮನೆಯಲ್ಲಿ ಅವಳ ಹೆಸರಿನಲ್ಲೊಂದು ಬಾಂಡ್ ಇದೆ ಎಂಬುದೇ ದೊಡ್ಡ ಮಾತು. ಹದಿನೆಂಟರೊಳಗೆ ಮದುವೆ ಮಾಡಿದರೆ ಹಣ ಇಲ್ಲ ಎಂಬ ಷರತ್ತು ಎಷ್ಟೋ ಮದುವೆಗಳನ್ನು ಮುಂದಕ್ಕೆ ಹಾಕಿಸಿದೆ. ಆದರೆ ಹಣ ಕೈಗೆ ಬರುವುದು ಹದಿನೆಂಟಕ್ಕೆ, ಬೇಕಾಗುವುದು ಹದಿನೈದು, ಹದಿನಾರಕ್ಕೆ. ಕಾಲೇಜಿನ ದಾಖಲಾತಿಗೆ ಬೇಕಾದಾಗ ಸಿಗದ ದುಡ್ಡು, ಮದುವೆಯ ಮಾತುಕತೆ ನಡೆಯುವ ಹೊತ್ತಿಗೆ ಸರಿಯಾಗಿ ಬಂದರೆ, ಅದು ಮದುವೆಗೇ ಖರ್ಚಾಗುತ್ತದೆ.

ತಾಯಿ ತಂದೆಯನ್ನು ಬೈಯುವುದು ಸುಲಭ. ಆ ತಾಯಿಯ ಮಾತನ್ನು ಕೇಳಿಸಿಕೊಂಡಿದ್ದೀರಾ? ಮನೆಗೆ ಹೋಗಿ, ಮಗಳನ್ನು ಕಾಲೇಜಿಗೆ ಕಳಿಸಮ್ಮ ಎಂದರೆ ಅವಳು ಹೇಳುವುದು ಇಷ್ಟು: “ಓದ್ಸಕ್ಕೆ ನಂಗೇನು ಸಂಕಟ ಮೇಡಮ್ಮೋರೆ? ಕಾಲೇಜು ಬಿಡದು ನಾಕೂವರೆಗೆ, ನಮ್ಮೂರ್ಗೆ ಬಸ್ಸು ಬರದು ಏಳು ಗಂಟೆಗೆ. ಗೇಟಿಂದ ಊರ್ಗಂಟ ಕತ್ಲು. ನಾನು ಹೊಲ್ದಿಂದ ಬರದೇ ಕತ್ಲಾಯ್ತದೆ, ಕರ್ಕಬರಕ್ಕೆ ಹೋಗರ್‍ಯಾರು? ನಾಳೆ ಏನಾರ ಆದ್ರೆ ಊರೋರು ನನ್ ಬಾಯ್ಗೆ ಮಣ್ಣು ಹಾಕ್ತಾರೆ. ಗಂಡು ಬಂದೈತೆ, ಅವ್ರೇ ಮದ್ವೆ ಮಾಡ್ಕತೀವಿ ಅಂತವ್ರೆ.” ಈ ಮಾತಿನಲ್ಲಿ ಓದಿನ ಮೇಲೆ ಅಸಡ್ಡೆ ಎಲ್ಲಿದೆ ಹೇಳಿ? ಇರುವುದು ಬಸ್ಸಿನ ವೇಳೆ, ಬೀದಿ ದೀಪ, ಊರ ಬಾಯಿ, ಮದುವೆಯ ಖರ್ಚು. ಟಿಕೆಟ್ಟು ಬಿಟ್ಟಿಯಾಯಿತು ನಿಜ, ಬಸ್ಸು ವೇಳೆಗೆ ಬರಬೇಕಲ್ಲ? ಅದೇ ಮನೆಯ ಗಂಡು ಹುಡುಗ ಅದೇ ಕತ್ತಲಲ್ಲಿ ಬಂದರೆ ಯಾರೂ ಕೇಳುವುದಿಲ್ಲ. ಸಾಲ ಮಾಡಿಯಾದರೂ ಅವನನ್ನು ಪೇಟೆಯ ಕಾನ್ವೆಂಟಿಗೆ ಕಳಿಸುತ್ತಾರೆ. ಆ ಸಾಲದ ಕಂತು ತೀರಿಸಲು ಅಕ್ಕ ಹಾಸನದ ಬಟ್ಟೆ ಕಾರ್ಖಾನೆಗೋ ಬೆಂಗಳೂರಿನ ಗಾರ್ಮೆಂಟ್ಸಿಗೋ ಹೋಗುತ್ತಾಳೆ.

ಹುಡುಗಿಯರ ಓದಿನ ಮಾತು ಬಂದಾಗ ಕೆಲವರು ಒಂದು ಉದಾಹರಣೆ ಕೊಡುತ್ತಾರೆ. ಸಾಲುಮರದ ತಿಮ್ಮಕ್ಕ ಓದಿದ್ದರೇ? ಶಾಲೆಗೆ ಹೋಗದೆ ದೊಡ್ಡವರಾಗಲಿಲ್ಲವೇ ಎನ್ನುತ್ತಾರೆ. ತಿಮ್ಮಕ್ಕ ನಮಗೆ ದೂರದವರಲ್ಲ. ಹುಟ್ಟಿದ್ದು ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯ ಗುಬ್ಬಿಯಲ್ಲಿ, ಕೊನೆಗಾಲದಲ್ಲಿ ಇದ್ದದ್ದು ನಮ್ಮದೇ ಬೇಲೂರು ತಾಲ್ಲೂಕಿನ ಬಳ್ಳೂರಿನಲ್ಲಿ. ಬಡ ಕೂಲಿ ಮನೆಯ ಮಗಳು, ಶಾಲೆಯ ಮುಖ ನೋಡಿದವರಲ್ಲ, ಕಲ್ಲು ಕ್ವಾರಿಯಲ್ಲಿ ದುಡಿದವರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಗಂಡ ಚಿಕ್ಕಯ್ಯನವರ ಜೊತೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 385 ಮರ ಎಂದು ಲೆಕ್ಕ. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಅವರು ತೀರಿಕೊಂಡರು. ಅವರಿಗೆ ಕೈ ಮುಗಿಯೋಣ. ಆದರೆ ಅವರ ಬಾಳಿನಿಂದ ತಪ್ಪು ಪಾಠ ಕಲಿಯುವುದು ಬೇಡ. ತಿಮ್ಮಕ್ಕನವರು ದೊಡ್ಡವರಾದದ್ದು ಓದದೆ ಇದ್ದುದರಿಂದಲ್ಲ, ಓದು ಸಿಗದಿದ್ದರೂ ದೊಡ್ಡವರಾದರು. ಅವರ ಜೊತೆ ಅದೇ ಕ್ವಾರಿಯಲ್ಲಿ ಕಲ್ಲು ಹೊತ್ತ ಹೆಣ್ಣುಮಕ್ಕಳ ಹೆಸರು ನಿಮಗೆ ಗೊತ್ತೇ? ನನಗೂ ಗೊತ್ತಿಲ್ಲ. ಸಾವಿರಾರು ಜನ ಹೆಸರಿಲ್ಲದೆ ಸವೆದುಹೋದ ಕಡೆ ಒಬ್ಬರು ಎದ್ದು ನಿಂತರೆ, ಆ ಹಿರಿಮೆ ಅವರದು. ಅದನ್ನು ತೋರಿಸಿ ನಮ್ಮ ಜವಾಬ್ದಾರಿಯಿಂದ ನುಣುಚಿಕೊಳ್ಳಬಾರದು.

ಹಾಗಾದರೆ ಏನು ಮಾಡಬೇಕು? ದೊಡ್ಡ ಮಾತು ಬೇಡ, ಕೈಗೆ ಎಟಕುವುದನ್ನು ಹೇಳುತ್ತೇನೆ.

ಮೊದಲನೆಯದು ಹಾಸ್ಟೆಲು. ಬಸ್ಸು, ಕತ್ತಲು, ಮನೆಗೆಲಸ ಮೂರಕ್ಕೂ ಒಂದೇ ಉತ್ತರ ಅದು. ಹಿಂದುಳಿದ ವರ್ಗಗಳ ಇಲಾಖೆಯದು, ಸಮಾಜ ಕಲ್ಯಾಣ ಇಲಾಖೆಯದು, ಅಲ್ಪಸಂಖ್ಯಾತರ ಇಲಾಖೆಯದು ಎಂದು ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಿವೆ. ಐದನೇ ತರಗತಿ ಮುಗಿಸಿದವರಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಅರ್ಜಿ ಹಾಕುವ ದಿನ ಕಳೆದ ಮೇಲೆ ಬಂದು ಅಳುವ ತಾಯಂದಿರನ್ನು ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ಆಯಾ ಶಾಲೆಯವರು ಹುಡುಗಿಯರನ್ನು ಕೂರಿಸಿಕೊಂಡು ಕಾಲೇಜಿನ ಅರ್ಜಿ, ಹಾಸ್ಟೆಲಿನ ಅರ್ಜಿ ಎರಡನ್ನೂ ತುಂಬಿಸಿಬಿಡಬೇಕು. ಹತ್ತನೇ ತರಗತಿ ದಾಟಿದವಳು ನಮ್ಮವಳಲ್ಲ ಎಂದು ಹೈಸ್ಕೂಲಿನವರು, ಇನ್ನೂ ಬಂದಿಲ್ಲ ಎಂದು ಕಾಲೇಜಿನವರು ಅಂದುಕೊಂಡರೆ ಅವಳು ನಡುವೆಯೇ ಕಳೆದುಹೋಗುತ್ತಾಳೆ.

ಎರಡನೆಯದು ಕಾಗದ ಪತ್ರ. ಜಾತಿ, ಆದಾಯದ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ, ಇಷ್ಟರಲ್ಲೂ ಹೆಸರು ಒಂದೇ ಥರ ಇಲ್ಲದಿದ್ದರೆ ವಿದ್ಯಾರ್ಥಿವೇತನ ಬರುವುದಿಲ್ಲ. ನಾಡಕಚೇರಿಗೆ ಒಂದು ಸಲ ಹೋದರೆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ಮೂರು ಸಲ ಅಲೆದರೆ ಬರುವ ವಿದ್ಯಾರ್ಥಿವೇತನದಲ್ಲಿ ಒಂದು ಪಾಲು ಮುಂಚೆಯೇ ಕಳೆದಂತೆ. ಈ ತಿದ್ದುಪಡಿಗಳನ್ನು ಎಂಟು, ಒಂಬತ್ತನೇ ತರಗತಿಯಲ್ಲೇ, ಶಾಲೆಯ ಅಂಗಳದಲ್ಲೇ ಮಾಡಿಸಿಕೊಡಬಹುದು. ಓದಿದ ಯುವಕರು ಊರಿಗೊಬ್ಬರು ಮನಸ್ಸು ಮಾಡಿದರೂ ಸಾಕು.

ಮೂರನೆಯದು ಕೈಕೂಸು. 2023-24ರ ರಾಜ್ಯ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ 4,000 ಕೂಸಿನ ಮನೆಗಳನ್ನು ಘೋಷಿಸಿದರು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆದಿದೆಯೇ, ಬೆಳಿಗ್ಗೆ ಟೆಂಪೊ ಹೊರಡುವ ಹೊತ್ತಿಗೆ ತೆರೆಯುತ್ತದೆಯೇ, ಗ್ರಾಮಸಭೆಯಲ್ಲಿ ಕೇಳಿ. ಕೂಸಿಗೆ ಜಾಗ ಸಿಕ್ಕ ದಿನ ಅಕ್ಕ ಶಾಲೆಗೆ ಹೋಗುತ್ತಾಳೆ.

ನಾಲ್ಕನೆಯದು ಮದುವೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ತಿಳಿದ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆದರೆ ಮದುವೆ ತಪ್ಪಿಸಿದರೆ ಕೆಲಸ ಮುಗಿಯಲಿಲ್ಲ. ಛತ್ರದಿಂದ ಬಿಡಿಸಿಕೊಂಡು ಬಂದ ಹುಡುಗಿ ಮಾರನೆಯ ದಿನ ಕಾಲೇಜಿನ ಬಾಗಿಲಿಗೆ ಹೋಗದೆ ಮನೆಯಲ್ಲೇ ಉಳಿದರೆ, ಆರು ತಿಂಗಳಲ್ಲಿ ಬೇರೆ ಊರಿನ ಛತ್ರ ಗೊತ್ತಾಗುತ್ತದೆ.

ಕೊನೆಯದಾಗಿ ತೋಟ, ಮಂಡಿ, ಹೊಲ ಇರುವ ಯಜಮಾನರಿಗೆ ಒಂದು ಮಾತು. ಕೊಬ್ಬರಿ ಬೆಲೆಗಾಗಿ ನೀವು ಬೀದಿಗಿಳಿದಾಗ ಊರೇ ನಿಮ್ಮ ಜೊತೆ ನಿಂತಿತ್ತು. ಚಿಪ್ಪು ಬಿಡಿಸುವವಳ ಸಾವಿರದ ಕೂಲಿಯೂ ಅದೇ ಬೆಲೆಯ ಜೊತೆಗೆ ಏರಬೇಕು. ತಾಯಿಯ ಕೂಲಿ ಸಾಲದ ಮನೆಯಲ್ಲಿ ಮಗಳನ್ನು ಓದಿಸಿ ಎಂದು ಎಷ್ಟು ಭಾಷಣ ಮಾಡಿದರೂ ದಂಡ. ಶಾಲೆಯ ವೇಳೆಯಲ್ಲಿ ತಾಯಿಯ ಪಕ್ಕ ಕತ್ತಿ ಹಿಡಿದು ಹುಡುಗಿಯೊಬ್ಬಳು ಕೂತಿದ್ದರೆ, ಒಂದು ಕೈ ಜಾಸ್ತಿ ಸಿಕ್ಕಿತೆಂದು ಸುಮ್ಮನಾಗಬೇಡಿ. ಇವತ್ತು ಯಾಕೆ ಸ್ಕೂಲಿಗೆ ಹೋಗಲಿಲ್ಲ ಎಂದು ಕೇಳಿ. ಆ ಪ್ರಶ್ನೆಯನ್ನು ನಾವು ಮೇಷ್ಟ್ರುಗಳು ಕೇಳುವುದಕ್ಕಿಂತ ಕೂಲಿ ಕೊಡುವವರು ಕೇಳಿದರೆ ಹೆಚ್ಚು ನಡೆಯುತ್ತದೆ.

ಹದಿನಾಲ್ಕರಿಂದ ಹದಿನೆಂಟು, ಆ ನಾಲ್ಕು ವರ್ಷ ಅವಳನ್ನು ಓದಿನಲ್ಲಿ ಉಳಿಸಿಕೊಟ್ಟರೆ ಮುಂದಿನ ದಾರಿಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಬರುವ ಜೂನ್‌ನಲ್ಲಿ ನಿಮ್ಮ ಬೀದಿಯಿಂದ ಒಬ್ಬ ಹುಡುಗಿಯನ್ನಾದರೂ ಕಾಲೇಜಿಗೆ ಸೇರಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.